ಹಲಗಲಿಯ ಲಾವಣಿಯಲ್ಲಿ ಮನೆಯ ಒಡವೆಗಳು

ಹಲಗಲಿಯ ಬೇಡರ ಲಾವಣಿಯನ್ನು ವೀರಗೀತವೆಂದು ಹೊಗಳುವ ವಾಡಿಕೆ ಬಹುಕಾಲದಿಂದ ನಡೆದು ಬಂದಿದೆ. ಹೊಗಳಿಕೆಯು ಸುಳ್ಳಲ್ಲ, ಆದರೆ ಅದರಿಂದ ಕೃತಿಗೆ ಪೂರ್ಣನ್ಯಾಯ ದೊರೆತಂತಾಗಲಿಲ್ಲ.

ಕಥಾವಸ್ತುವು ಮುಧೋಳ ಲೋಕಾಪುರಗಳ ಕಡೆಯ ವಾಚಕರಿಗೆ ಹೊಸದಲ್ಲ. 1857ರಲ್ಲಿ ಕುಂಪಣಿ ಸರಕಾರವು ಪರವಾನಿಗೆಯಿಲ್ಲದೆ ಯಾರೂ ಆಯುಧವನ್ನಿಡಕೂಡದೆಂದು ಕಾಯಿದೆ ಮಾಡಿತು. ಬೇಡನಿಗೆ ಆಯುಧವು ಅನ್ನವೂ ಅಹುದು, ಮಾನವೂ ಅಹುದು. ಹಲಗಲಿಯವರು ಒಪ್ಪಿಸಲಿಲ್ಲ. ನವೆಂಬರದ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರ 11ರಂದು ಮುಧೋಳದಲ್ಲಿ 13, 14ರಂದು ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಜನರ ಬಾಯಲ್ಲಿದ್ದ ಪದವನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದರು. ಊರು ಸುಟ್ಟ ರಾಜ್ಯದ ಅಧಿಕಾರಿಯೇ ಆ ಊರಿನ ಹಾಡನ್ನುಳಿಸಿದುದು ವಿಚಿತ್ರವೇ ಸರಿ. ಉಪಕಾರವನ್ನು ಮಾತ್ರ ಮರೆಯಲಾಗದು.

ಕಾಳಗದ ವರ್ಣನೆಯಲ್ಲಿ ಕವಿಯು ಲಾವಣಿಕಾರರ ರೂಢಿಯ ಹಾದಿಯನ್ನೇ ತುಳಿದಿದ್ದಾನೆ. ಹನುಮ, ಬಾಲ, ಜಡಗ, ರಾಮರ ಶೌರ್ಯಕ್ಕೆ ಬಳಸಿದ ಮಾತುಗಳನ್ನು ಬೇರೆ ವೀರರಿಗೆ ಹೊಂದಿಸಿದರೂ ನಡೆದೀತು. ಕಾವ್ಯವು ಮೇಲೇಳುವುದು ಲೂಟಿಯ ಭಾಗದಲ್ಲಿ. ದಂಡಿನವರು ಹೊತ್ತೊಯ್ದುದನ್ನು ಕವಿಯು ಎಣಿಸತೊಡಗುತ್ತಾನೆ: ಬೀಸುಕಲ್ಲು, ಗಂಗಳ, ಕುಡ, ಬೆಣ್ಣೆ, ಜೀರಿಗೆ, ಉಪ್ಪು, ಮಂಗಳಸೂತ್ರ. ಅಲಂಕಾರವಿಲ್ಲ, ಶಾಪವಿಲ್ಲ. ಸರಕಾರವು ಬಂಡುಕೋರರೆಂದು ಕರೆದವರು ಉತ್ತು ಬೀಸಿ ಉಣ್ಣುವ ಸಂಸಾರಿಗಳೆಂಬುದು ಈ ಯಾದಿಯಿಂದಲೇ ಸಿದ್ಧವಾಗುತ್ತದೆ. ಪಾಠ ಹೇಳುವವರು ಈ ಭಾಗವನ್ನು ಅವಸರದಿಂದ ದಾಟಿಬಿಡುವುದುಂಟು. ಅದು ಲಾವಣಿಯ ಜೀವವನ್ನೇ ದಾಟಿದಂತೆ.

ಇದಕ್ಕೆ ಜೊತೆಯಾದುದನ್ನು ಬಹುದೂರದಲ್ಲಿ ಹುಡುಕಬೇಕು. ಜಪಾನದ ಒಕಿನಾವಾ ಪ್ರಾಂತದ ಇಎಜಿಮಾ ಎಂಬ ಪುಟ್ಟ ದ್ವೀಪದಲ್ಲಿ 1955ರಲ್ಲಿ ಅಮೇರಿಕದ ಸೈನ್ಯವು ಒಕ್ಕಲಿಗರ ಹೊಲಮನೆಗಳನ್ನು ಕಸಿದು ಬಾಂಬಿನ ಅಭ್ಯಾಸಕ್ಕೆ ಬಯಲು ಮಾಡಿಕೊಂಡಿತು. ಅವರ ಮುಂದಾಳಾದ ಅಹಾಗೊನ್ ಶೋಕೊ ಎಂಬವರು 1984ರಲ್ಲಿ ಅಲ್ಲೊಂದು ಶಾಂತಿ ಸಂಗ್ರಹಾಲಯವನ್ನು ತೆರೆದರು. ‘ಪ್ರಾಣವೇ ನಿಧಿ’ ಎಂಬುದು ಅದರ ಹೆಸರಿನ ತಾತ್ಪರ್ಯ. ಬಾಂಬಿನ ಚಿಪ್ಪುಗಳ ಮಗ್ಗುಲಲ್ಲಿ ಹಳೆಯ ಬಟ್ಟೆಬರೆಗಳು ಅಲ್ಲಿವೆ. ಮಾರ್ಗಗಳು ಮಾತ್ರ ಒಂದಲ್ಲ: ಆ ದ್ವೀಪದವರು ಸೈನಿಕರೊಡನೆ ಕುಳಿತೇ ಮಾತನಾಡಬೇಕು, ಕಿವಿಗಿಂತ ಮೇಲೆ ಕೈಯೆತ್ತಬಾರದು ಎಂದು ನಿಯಮ ಮಾಡಿಕೊಂಡಿದ್ದರು, ಹಲಗಲಿಯವರು ಕತ್ತಿ ಹಿರಿದರು. ಆದರೂ ಎರಡು ಕಡೆಯೂ ಸಾಕ್ಷಿ ನುಡಿಯುವುದು ಮನೆಯ ಒಡವೆಯೇ. ಅಲ್ಲಿ ವಸ್ತುವು ಉಳಿದಿದೆ. ಇಲ್ಲಿ ಹೆಸರು ಮಾತ್ರ.

ಅದಕ್ಕಾಗಿಯೇ ಈ ಪದವನ್ನು ಹಾಡುವವರು ಯಾದಿಯ ಭಾಗಕ್ಕೆ ಬಂದಾಗ ದಪ್ಪಿನ ಗತಿಯನ್ನು ತುಸು ಇಳಿಸುವುದು ಒಳ್ಳೆಯದು. ಗಂಗಳವೂ ಬೀಸುಕಲ್ಲೂ ಬೇರೆ ಬೇರೆಯಾಗಿ ಕಿವಿಗೆ ಬೀಳಬೇಕು.