ತಮ್ಮಣ್ಣನ ಓಟ, ಗಡ್ಡಪ್ಪನ ನಡಿಗೆ

‘ಒಬ್ಬ ಸಾಮಾನ್ಯ ಯುವಕನ ಅಸಾಮಾನ್ಯ ಪಯಣ.’ ಹೊಸ ಸಿನಿಮಾಗಳ ಮುಹೂರ್ತದ ಸುದ್ದಿ ಓದುವವರಿಗೆ ಇಂಥ ಸಾಲುಗಳು ಬಾಯಿಪಾಠ ಆಗಿರುತ್ತವೆ. ಆ ಯುವಕ ಯಾರು? ಎಲ್ಲಿಗೆ ಹೊರಟಿದ್ದಾನೆ? ಅಲ್ಲಿಗೆ ಮುಟ್ಟದಿದ್ದರೆ ಏನು ಕಳ್ಕೋತಾನೆ? ಒಂದಕ್ಕೂ ಉತ್ತರ ಇಲ್ಲ. ಈ ಸಾಲನ್ನು ಯಾವ ಪೋಸ್ಟರ್ ಮೇಲೆ ಬೇಕಾದರೂ ಅಂಟಿಸಬಹುದು.

ಲಾಗ್‌ಲೈನ್ ಅಂದರೆ ಇಡೀ ಕತೆಯನ್ನು ಒಂದೆರಡು ವಾಕ್ಯದಲ್ಲಿ ಹೇಳೋದು. ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ಏನಿದೆ, ಸಿಗದಿದ್ದರೆ ಏನಾಗುತ್ತೆ ಅನ್ನೋದು ಅದರಲ್ಲಿ ಕಾಣಬೇಕು. ಐಟಿಯಲ್ಲಿರುವ ನಮಗೆ ಇದು ತೀರಾ ಹೊಸದೇನಲ್ಲ. ನಾವು ಬರೆಯೋ ಯೂಸರ್ ಸ್ಟೋರಿಯೂ ಹೀಗೇ ಇರುತ್ತೆ: ಇಂಥವರಿಗೆ, ಇಂಥದ್ದು ಬೇಕು, ಇಂಥ ಕಾರಣಕ್ಕೆ. ಆ ಕಾರಣದ ಜಾಗ ಖಾಲಿ ಬಿಟ್ಟರೆ ಸ್ಪ್ರಿಂಟ್ ಕೊನೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆ ಉದಾಹರಣೆ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, 2016ರಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. ಮಂಡ್ಯದ ಕಡೆಯ ಹಳ್ಳಿಯವರೇ ಅದರಲ್ಲಿ ನಟಿಸಿದ್ದಾರೆ. ಅದರ ಲಾಗ್‌ಲೈನನ್ನು ನಾನು ಹೀಗೆ ಬರೀತೀನಿ:

‘101 ವರ್ಷದ ಅಜ್ಜ ಸತ್ತ ಮೇಲೆ ಅವನ ಹೆಸರಲ್ಲಿರುವ ಜಮೀನು ಮಾರೋಕೆ ಮೊಮ್ಮಗ ಒದ್ದಾಡ್ತಾನೆ, ಆದರೆ ಜಮೀನು ಮೊದಲು ಬರಬೇಕಾದ್ದು ಅವನ ಅಪ್ಪನಿಗೆ, ಆ ಅಪ್ಪನಿಗೋ ಆಸ್ತಿಯೂ ಬೇಡ, ಅದರ ಕಾಗದಪತ್ರವೂ ಬೇಡ.’

ಮೊಮ್ಮಗ ತಮ್ಮಣ್ಣ ‘ಒಳ್ಳೆ ಮನಸ್ಸಿನವನು’, ‘ಪಾಪದವನು’ ಅಂತ ನಾನು ಎಲ್ಲೂ ಬರೆದಿಲ್ಲ. ಬರೆಯೋಕೆ ಆಗೋದೂ ಇಲ್ಲ. ಬದುಕಿರುವ ಅಪ್ಪನನ್ನೇ ಸತ್ತಿದ್ದಾನೆ ಅಂತ ಕಾಗದದಲ್ಲಿ ತೋರಿಸೋ ಆಸಾಮಿ ಅವನು. ಆದರೂ ನೋಡುವಾಗ ಅವನ ಮೇಲೆ ಸಿಟ್ಟು ಬರೋದಿಲ್ಲ, ಅಯ್ಯೋ ಅನ್ನಿಸುತ್ತೆ. ಯಾಕೆ? ಅವನಿಗೆ ಬೇಕಾಗಿರೋದು ನಮಗೆಲ್ಲ ಗೊತ್ತಿರೋ ವಸ್ತು. ಪೌತಿ ಖಾತೆಗೆ ತಾಲ್ಲೂಕು ಕಚೇರಿ ಸುತ್ತಿದ ಮನೆಯಲ್ಲಿ ಬೆಳೆದವರಿಗೆ ತಮ್ಮಣ್ಣನ ಮುಖದ ಬೆವರು ಯಾಕೆ ಅಂತ ವಿವರಿಸಬೇಕಾಗಿಲ್ಲ. ಪಹಣಿಯಲ್ಲಿ ಒಂದು ಹೆಸರು ಬದಲಾಗೋಕೆ ಎಷ್ಟು ಜನರ ಕಾಲು ಹಿಡೀಬೇಕು ಅನ್ನೋದು ಅವರಿಗೆ ಗೊತ್ತು. ಮೇಲಿಂದ 11ನೇ ದಿನದ ತಿಥಿ ಹತ್ತಿರ ಬರ್ತಿದೆ, ಊರಿಗೆಲ್ಲ ಊಟ ಹಾಕಬೇಕು.

ನಾಯಕನ ಮೇಲೆ ಮರುಕ ಹುಟ್ಟಿಸೋಕೆ ಎಷ್ಟೋ ಸಿನಿಮಾಗಳು ಅವನ ಕೈಲಿ ಅಜ್ಜಿಯನ್ನು ರಸ್ತೆ ದಾಟಿಸುತ್ತವೆ, ಅನಾಥ ಮಕ್ಕಳಿಗೆ ಊಟ ಕೊಡಿಸುತ್ತವೆ. ತಮ್ಮಣ್ಣನಿಗೆ ಅಂಥದ್ದೇನೂ ಬೇಕಾಗಲಿಲ್ಲ. ಸ್ಪಷ್ಟವಾದ ಒಂದು ಆಸೆ, ಅದಕ್ಕೆ ಅಡ್ಡ ನಿಂತ ಸ್ವಂತ ಅಪ್ಪ, ಅಷ್ಟೇ ಸಾಕಾಯ್ತು.

ಈಗ ಒಂದು ತಕರಾರು ಬರುತ್ತೆ. ‘ತಿಥಿ’ ನೋಡಿದವರನ್ನು ಯಾರು ನೆನಪಿದ್ದಾರೆ ಅಂತ ಕೇಳಿ ನೋಡಿ. ಹೆಚ್ಚಿನವರು ಹೇಳೋದು ತಮ್ಮಣ್ಣನ ಹೆಸರನ್ನಲ್ಲ, ಗಡ್ಡಪ್ಪನದು. ಏನೂ ಬೇಡದೆ ಹೊಲದ ಬದುವಿನ ಮೇಲೆ ನಡೆದಾಡುವ ಆ ಅಪ್ಪ. ಮಗ ದುಡ್ಡು ಕೊಟ್ಟು ಊರು ಸುತ್ತಿಕೊಂಡು ಬಾ ಅಂತ ಕಳಿಸಿದರೆ ಕುರಿಗಾಹಿಗಳ ಜೊತೆ ಸೇರಿಕೊಂಡು, ಬೆಂಕಿ ಮುಂದೆ ಕೂತು ತನ್ನ ಹಳೇ ನೋವು ಹೇಳಿಕೊಳ್ಳುವವನು. ಗುರಿಯೇ ಇಲ್ಲದವನು ನಮ್ಮ ಮನಸ್ಸು ಗೆದ್ದ ಮೇಲೆ ‘ನಾಯಕನಿಗೊಂದು ಗುರಿ ಬೇಕು’ ಅನ್ನೋ ಪಾಠ ಸುಳ್ಳಾಯ್ತಲ್ಲ?

ಆಗಲಿಲ್ಲ. ತಮ್ಮಣ್ಣನನ್ನು ಕತೆಯಿಂದ ತೆಗೆದುಬಿಡಿ. ಆಗ ಗಡ್ಡಪ್ಪ ಬರೀ ಅಲೆದಾಡುವ ಮುದುಕ. ಅವನ ‘ಬೇಡ’ಕ್ಕೆ ತೂಕ ಬಂದಿರೋದು ಮಗನ ‘ಬೇಕು’ ಅಷ್ಟು ಜೋರಾಗಿರೋದರಿಂದ. ಒಬ್ಬ ಓಡ್ತಾ ಇದ್ದಾಗಲೇ ಇನ್ನೊಬ್ಬನ ನಿಧಾನ ಕಣ್ಣಿಗೆ ಬೀಳೋದು. ಲಾಗ್‌ಲೈನಿನ ಗುರಿ ಮಗನದ್ದು. ಸಿನಿಮಾದ ಆಳ ಅಪ್ಪನದ್ದು. ಮರಿಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಬಿದ್ದ ಕತೆ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಇಲ್ಲದಿದ್ದರೂ ನಷ್ಟವಿಲ್ಲ. ಲಾಗ್‌ಲೈನು ಸಿನಿಮಾದ ಬೆನ್ನುಮೂಳೆ ಇದ್ದ ಹಾಗೆ, ಮೈಮುಖ ಎಲ್ಲ ಅದರಲ್ಲಿ ಕಾಣಬೇಕಿಲ್ಲ.

ಇದು ಬರೀ ಸ್ಕ್ರಿಪ್ಟ್ ಬರೆಯೋರ ಮಾತಲ್ಲ. ಬೆಂಗಳೂರಿನಲ್ಲಿ ಫ್ಲ್ಯಾಟಿನ ಮುಂಗಡಕ್ಕೆ ಲೆಕ್ಕ ಹಾಕ್ತಾ, ಊರಿನ ಎರಡೆಕರೆ ಮಾರೋಣ ಅಂತ ಅಪ್ಪನಿಗೆ ಫೋನ್ ಮಾಡುವ ನಮ್ಮಂಥವರು ಗಡ್ಡಪ್ಪನಿಗೆ ಚಪ್ಪಾಳೆ ಹೊಡೀತೀವಿ. ಬದುಕೋದು ಮಾತ್ರ ತಮ್ಮಣ್ಣನ ಹಾಗೆ. ಅವನನ್ನು ಖಳನಾಯಕ ಮಾಡಿದ್ದರೆ ನಾವು ಆರಾಮಾಗಿ ನೋಡಿ, ಕೈ ತೊಳ್ಕೊಂಡು ಎದ್ದು ಬರಬಹುದಿತ್ತು. ಸಿನಿಮಾ ಹಾಗೆ ಬಿಡೋದಿಲ್ಲ.

ಹಾಗಾಗಿ ಕತೆ ಕೈಲಿಟ್ಟುಕೊಂಡು ಕೂತಿರುವ ಗೆಳೆಯರೇ, ಹೀರೋ ಎಷ್ಟು ಒಳ್ಳೆಯವನು ಅಂತ ಆಮೇಲೆ ಹೇಳಿ. ಅವನಿಗೆ ಏನು ಬೇಕು, ಅದನ್ನು ತಡೆಯುತ್ತಿರುವವರು ಯಾರು? ಮೊದಲು ಅದನ್ನು ಹೇಳಿ. ತಡೆಯುವವರು ಅವನ ಮನೆಯವರೇ ಆಗಿದ್ದರೆ ನಾನಂತೂ ಟಿಕೆಟ್ ತಗೋತೀನಿ.