ಯಾರ ಹಕ್ಕನ್ನು ಕಾಪಾಡಿದ ತೀರ್ಪು?

‘ಎಸ್.ಎ.ಎಸ್. ವಿರುದ್ಧ ಫ್ರಾನ್ಸ್’ ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2014ರ ಜುಲೈ 1ರಂದು ಕೊಟ್ಟ ತೀರ್ಪನ್ನು ಮುಕ್ಕಾಲು ಪಾಲು ಓದಿದವರಿಗೆ ಅರ್ಜಿದಾರ ಮಹಿಳೆಯೇ ಗೆದ್ದರು ಎನಿಸುತ್ತದೆ. ಕೊನೆಗೆ ಅವರು ಸೋಲುತ್ತಾರೆ. ಹದಿನೇಳು ನ್ಯಾಯಾಧೀಶರಲ್ಲಿ ಹದಿನೈದು ಮಂದಿ ಫ್ರಾನ್ಸಿನ ಪರ ನಿಂತರು.

ಆಕೆ 1990ರಲ್ಲಿ ಹುಟ್ಟಿದ ಫ್ರೆಂಚ್ ಪ್ರಜೆ, ಮುಸ್ಲಿಂ. ಮುಖ ಮುಚ್ಚುವ ನಿಖಾಬ್ ಹಾಕಿಕೋ ಎಂದು ಗಂಡನಾಗಲಿ ಮನೆಯವರಾಗಲಿ ಬಲವಂತ ಮಾಡಿಲ್ಲ, ಅದನ್ನು ಸದಾ ತೊಡುವುದೂ ಇಲ್ಲ, ಗುರುತಿನ ತಪಾಸಣೆಗೆ ಮುಖ ತೋರಿಸಲು ಅಡ್ಡಿಯಿಲ್ಲ ಎಂದು ಹೇಳಿದ್ದರು. 2011ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಫ್ರಾನ್ಸಿನ ಕಾನೂನಿನ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚಿಕೊಂಡರೆ 150 ಯೂರೊವರೆಗೆ ದಂಡ. ಹಾಗೆ ಮುಖ ಮುಚ್ಚಿಕೊಳ್ಳುವ ಹೆಂಗಸರು ಆ ದೇಶದಲ್ಲಿದ್ದದ್ದು ಸುಮಾರು 1,900 ಎಂಬ ಅಂದಾಜಿತ್ತು.

ಸರ್ಕಾರ ಕೊಟ್ಟ ಕಾರಣಗಳನ್ನು ನ್ಯಾಯಾಲಯ ಚೆನ್ನಾಗಿಯೇ ಜಾಲಾಡಿತು. ಭದ್ರತೆಯ ವಾದ ನಿಲ್ಲಲಿಲ್ಲ. ಅನುಮಾನ ಬಂದಾಗ ಮುಖ ತೋರಿಸಿ ಎಂದರೆ ಸಾಕು, ಪೂರಾ ನಿಷೇಧ ಬೇಕಿಲ್ಲ. ಸ್ತ್ರೀ ಸಮಾನತೆಯ ವಾದವೂ ಬಿತ್ತು. ಹೆಂಗಸರು ತಾವೇ ತಮ್ಮ ಹಕ್ಕೆಂದು ಸಮರ್ಥಿಸಿಕೊಳ್ಳುವ ಉಡುಪನ್ನು ಅವರದೇ ಸಮಾನತೆಯ ಹೆಸರಲ್ಲಿ ಕಿತ್ತುಕೊಳ್ಳುವಂತಿಲ್ಲ. ಘನತೆಯ ವಾದಕ್ಕೂ ಅದೇ ಗತಿ. ಈ ಪುಟಗಳ ಬಗ್ಗೆ ನನಗೆ ಗೌರವವಿದೆ.

ಉಳಿದದ್ದು ‘ಕೂಡಿ ಬಾಳುವಿಕೆ’. ಮುಖ ಕಾಣದಿದ್ದರೆ ಮನುಷ್ಯರ ನಡುವಿನ ಒಡನಾಟಕ್ಕೆ ಧಕ್ಕೆ ಬರುತ್ತದೆ, ಇದು ಇತರರ ಹಕ್ಕಿನ ಪ್ರಶ್ನೆ ಎಂಬ ವಾದ. ಈ ಪರಿಕಲ್ಪನೆಯನ್ನು ಹೇಗೆ ಬೇಕಾದರೂ ಹಿಗ್ಗಿಸಬಹುದು, ದುರುಪಯೋಗದ ಅಪಾಯವಿದೆ ಎಂದು ಒಪ್ಪಿಕೊಂಡ ನ್ಯಾಯಾಲಯವೇ, ಇಂಥ ವಿಷಯದಲ್ಲಿ ಆಯಾ ದೇಶದ ವಿವೇಚನೆಗೆ ಬಿಡಬೇಕು ಎಂದು ಅದರ ಮೇಲೆಯೇ ಕಾನೂನನ್ನು ಎತ್ತಿ ಹಿಡಿಯಿತು. ಬೀದಿಯಲ್ಲಿ ಎದುರಾದವರ ಮುಖ ನೋಡುವ ಹಕ್ಕು ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ ಯಾವ ವಿಧಿಯಲ್ಲಿದೆ? ಧರ್ಮದ ಸ್ವಾತಂತ್ರ್ಯವಾದರೋ 9ನೇ ವಿಧಿಯಲ್ಲಿ ಕಣ್ಣಿಗೆ ಹೊಡೆಯುವಂತಿದೆ.

ಇದೇ ನ್ಯಾಯಾಲಯ 2008ರಲ್ಲಿ ‘ಎಸ್. ಮತ್ತು ಮಾರ್ಪರ್’ ಪ್ರಕರಣದಲ್ಲಿ ಎಷ್ಟು ಗಟ್ಟಿಯಾಗಿತ್ತು! 11ನೇ ವಯಸ್ಸಿನಲ್ಲಿ ಬಂಧನಕ್ಕೊಳಗಾಗಿ ಆಮೇಲೆ ಖುಲಾಸೆಯಾದ ಹುಡುಗನ ಬೆರಳಚ್ಚು, ಡಿಎನ್‌ಎ ಮಾದರಿಗಳನ್ನು ಬ್ರಿಟನ್ ಕಾಲಮಿತಿಯಿಲ್ಲದೆ ಇಟ್ಟುಕೊಂಡಿದ್ದು ತಪ್ಪೆಂದು ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದಾಗ ಚರ್ಚಿಸಿದ ತೀರ್ಪುಗಳಲ್ಲಿ ಇದೂ ಒಂದು. ಯುರೋಪಿನಲ್ಲಿ ಇಂಥ ನಿಯಮ ಬೇರೆಲ್ಲೂ ಇಲ್ಲದಿರುವುದನ್ನು ಮಾರ್ಪರ್ ಪ್ರಕರಣದಲ್ಲಿ ಬ್ರಿಟನ್ನಿನ ವಿರುದ್ಧವೇ ಲೆಕ್ಕ ಹಾಕಲಾಯಿತು. 2014ರಲ್ಲಿಯೂ ನ್ಯಾಯಾಲಯದ ವ್ಯಾಪ್ತಿಯ 47 ಸದಸ್ಯ ದೇಶಗಳ ಪೈಕಿ 45ರಲ್ಲಿ ಮುಖಪರದೆಯ ನಿಷೇಧ ಇರಲಿಲ್ಲ. ಆದರೂ ಯುರೋಪಿನಲ್ಲಿ ಒಮ್ಮತವಿಲ್ಲ ಎಂದು ಬಹುಮತದ ತೀರ್ಪು ಬರೆಯಿತು. ಅಳತೆಗೋಲು ಪ್ರಕರಣದಿಂದ ಪ್ರಕರಣಕ್ಕೆ ಹೀಗೆ ಬದಲಾದರೆ ಅಲ್ಪಸಂಖ್ಯಾತರು ಯಾವ ಧೈರ್ಯದಿಂದ ಆ ಬಾಗಿಲು ತಟ್ಟಬೇಕು?

ಭಿನ್ನಮತ ಬರೆದ ಇಬ್ಬರೂ ಮಹಿಳೆಯರು: ಜರ್ಮನಿಯ ನುಸ್‌ಬರ್ಗರ್, ಸ್ವೀಡನ್ನಿನ ಯೇಡರ್‌ಬ್ಲೋಮ್. ತನಗಿಂತ ಬೇರೆಯಾದ ಬದುಕನ್ನು ಕಂಡು ಕಸಿವಿಸಿಯಾಗದಂತೆ ಇರುವ ಹಕ್ಕು ಯಾರಿಗೂ ಇಲ್ಲ ಎಂಬ ಅವರ ವಾದಕ್ಕೆ ಬಹುಮತದಲ್ಲಿ ಸರಿಯಾದ ಉತ್ತರ ನನಗೆ ಸಿಗಲಿಲ್ಲ. 2017ರಲ್ಲಿ ಬೆಲ್ಜಿಯಂನ ನಿಷೇಧಕ್ಕೂ ನ್ಯಾಯಾಲಯ ಅದೇ ರಕ್ಷಣೆ ಕೊಟ್ಟಿತು. ಮರುವರ್ಷ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಫ್ರಾನ್ಸಿನ ಅದೇ ಕಾನೂನನ್ನು ಪರಿಶೀಲಿಸಿ, ‘ಕೂಡಿ ಬಾಳುವಿಕೆ’ ತೀರಾ ಅಸ್ಪಷ್ಟ ಎಂದು ಹೇಳಿ, ದಂಡ ತೆತ್ತ ಇಬ್ಬರು ಹೆಂಗಸರ ಧರ್ಮ ಸ್ವಾತಂತ್ರ್ಯ ಉಲ್ಲಂಘನೆಯಾಗಿದೆ ಎಂದಿತು.