ಹತ್ತು ಲಕ್ಷದಲ್ಲಿ ಒಂದು ಅಕ್ಷರ

2010ರಲ್ಲಿ ಅಮೆರಿಕದ ಜೆ. ಕ್ರೇಗ್ ವೆಂಟರ್ ಸಂಸ್ಥೆಯ ವಿಜ್ಞಾನಿಗಳು ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನು ರಾಸಾಯನಿಕವಾಗಿ ಕಟ್ಟಿ, ಬೇರೊಂದು ಜೀವಕೋಶದೊಳಗೆ ಕೂರಿಸಿ ಬದುಕಿಸಿದರು. ಕೃತಕ ಜೀವ ಹುಟ್ಟಿತು ಎಂದು ಎಲ್ಲೆಡೆ ಸುದ್ದಿಯಾಯಿತು. ಆ ಗದ್ದಲದಲ್ಲಿ ಹಿಂದೆ ಸರಿದ ಸಂಗತಿಯೊಂದು ಅವರ ಪ್ರಬಂಧದಲ್ಲೇ ಇದೆ: ಸುಮಾರು 10.8 ಲಕ್ಷ ಡಿಎನ್‌ಎ ಅಕ್ಷರ ಜೋಡಿಗಳ (ಬೇಸ್ ಪೇರ್) ಆ ಜೀನೋಮು ವಾರಗಟ್ಟಲೆ ಜಪ್ಪಯ್ಯ ಅಂದರೂ ಜೀವ ತಳೆಯಲಿಲ್ಲ. ಕಾರಣ ಹುಡುಕಲು, ಅದರ 11 ದೊಡ್ಡ ತುಂಡುಗಳನ್ನು ಒಂದೊಂದಾಗಿ ಸಹಜ ಜೀನೋಮಿನೊಳಗೆ ಸೇರಿಸಿ ನೋಡಿದರು. ಹತ್ತು ಪಾಸಾದವು, ಒಂದು ಸೋತಿತು. ಡಿಎನ್‌ಎ ನಕಲಾಗುವುದಕ್ಕೆ ಚಾಲನೆ ಕೊಡುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು.

ಜೀನ್ ತಯಾರಿಕೆಯ ಯಂತ್ರಗಳಿಗೆ ಬೆಲೆಕಟ್ಟುವವರು ಇಲ್ಲಿಂದ ಶುರುಮಾಡಬೇಕು. ಮಾರುವವರು ಶುರುಮಾಡುವುದು ಬೇರೆ ಕಡೆಯಿಂದ: ಸಂಜೆ ಅಕ್ಷರಗಳನ್ನು ಟೈಪಿಸಿ, ಬೆಳಿಗ್ಗೆ ಜೀನ್ ತೆಗೆದುಕೊಳ್ಳಿ.

ಯಂತ್ರದ ಸಾಧನೆ ಸಣ್ಣದೇನಲ್ಲ. ಹರಗೋಬಿಂದ್ ಖೊರಾನಾ ಅವರ ವಿಸ್ಕಾನ್ಸಿನ್ ತಂಡ ಯೀಸ್ಟಿನ 77 ಜೋಡಿಗಳ ಪುಟ್ಟ ಜೀನನ್ನು ಕೈಯಿಂದಲೇ ಕಟ್ಟಿ 1970ರಲ್ಲಿ ಪ್ರಕಟಿಸಿದಾಗ, ಅದರ ಹಿಂದೆ ಹಲವು ಸಂಶೋಧಕರ ವರ್ಷಗಳ ದುಡಿಮೆಯಿತ್ತು. ಖೊರಾನಾ ಪ್ರಯೋಗಾಲಯದಲ್ಲೇ ಪಳಗಿದ ಮಾರ್ವಿನ್ ಕ್ಯಾರುಥರ್ಸ್ 1980ರ ದಶಕದ ಆರಂಭದಲ್ಲಿ ಫಾಸ್ಫರಮಿಡೈಟ್ ಎಂಬ ರಸಾಯನವಿಧಾನವನ್ನು ರೂಪಿಸಿದರು. ಯಂತ್ರಗಳು ಇಂದಿಗೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿವೆ. ಗಾಜಿನ ಸೂಕ್ಷ್ಮ ಮಣಿಗೆ ಮೊದಲ ಅಕ್ಷರವನ್ನು ಅಂಟಿಸಿ, ಅದರ ಮರೆ ಕಳಚುವುದು, ಮುಂದಿನದನ್ನು ಜೋಡಿಸುವುದು, ಜೋಡಣೆಯಾಗದೆ ಉಳಿದ ತುದಿಗಳನ್ನು ಮುಚ್ಚುವುದು, ಆದ ಬೆಸುಗೆಯನ್ನು ಅಯೋಡಿನ್ ದ್ರಾವಣದಿಂದ ಗಟ್ಟಿಮಾಡುವುದು. ಇಷ್ಟನ್ನೇ ಮತ್ತೆ ಮತ್ತೆ. ಬೇಸರವಿಲ್ಲದೆ ಮಾಡಬೇಕಾದ ಇಂಥ ಕೆಲಸಕ್ಕೆ ಯಂತ್ರವೇ ಸರಿ.

ಆದರೆ ಬೇಸರವಿಲ್ಲದವನೂ ತಪ್ಪು ಮಾಡುತ್ತಾನೆ. ಪ್ರತಿ ಜೋಡಣೆ ಶೇಕಡಾ 99ರಷ್ಟು ಯಶಸ್ವಿಯಾದರೂ 200 ಅಕ್ಷರಗಳ ಎಳೆ ಮುಗಿಯುವಷ್ಟರಲ್ಲಿ ಪೂರ್ಣವಾಗಿ ಉಳಿಯುವುದು ಸುಮಾರು ಶೇಕಡಾ 13 ಮಾತ್ರ. 99.5 ಆದರೆ 37. ದ್ರಾವಕದಲ್ಲಿ ಚೂರು ತೇವ ಸೇರಿದರೂ ಲೆಕ್ಕ ಇನ್ನೂ ಕೆಡುತ್ತದೆ (ನಮ್ಮ ಮಳೆಗಾಲವನ್ನು ನೆನೆದರೆ ಈ ಯಂತ್ರಗಳ ಮೇಲೆ ಕನಿಕರ ಬರುತ್ತದೆ). ಹೀಗಾಗಿ ಉದ್ದದ ಜೀನನ್ನು ಒಂದೇ ಉಸಿರಿಗೆ ಯಾರೂ ಬರೆಯುವುದಿಲ್ಲ. ತುದಿಗಳು ಒಂದರ ಮೇಲೊಂದು ಬೀಳುವಂತೆ ಗಿಡ್ಡ ತುಂಡುಗಳನ್ನು ಮಾಡಿ, ಕಿಣ್ವಗಳಿಂದ ಹೆಣೆದು, ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಕಾಲನಿಗಳನ್ನು ಆರಿಸಿ, ಪ್ರತಿಯೊಂದನ್ನೂ ಓದಿ ತಪ್ಪಿಲ್ಲದ್ದನ್ನು ಇಟ್ಟುಕೊಳ್ಳುತ್ತಾರೆ. ಬರೆಯುವುದು ಅಗ್ಗವಾಯಿತು, ತಿದ್ದುವುದು ಅಷ್ಟು ಅಗ್ಗವಾಗಲಿಲ್ಲ. ಒಂದೇ ಅಕ್ಷರಸರಣಿ ಮರುಕಳಿಸುವ ಜೀನ್ ಅಥವಾ ಜಿ ಮತ್ತು ಸಿ ಅಕ್ಷರಗಳು ಕಿಕ್ಕಿರಿದ ಜೀನ್ ಕೇಳಿದರೆ ತಯಾರಕರು ಈಗಲೂ ಆರ್ಡರನ್ನೇ ಹಿಂದಿರುಗಿಸುವುದುಂಟು. ಸಿಲಿಕಾನ್ ಚಿಪ್ಪಿನ ಮೇಲೆ ಸಾವಿರಾರು ಎಳೆಗಳನ್ನು ಒಟ್ಟಿಗೆ ಬೆಳೆಸುವ ವಿಧಾನದಿಂದ ಬೆಲೆ ಇಳಿಯಿತು. ಈ ತೊಡಕು ಹಾಗೇ ಉಳಿಯಿತು.

ಇನ್ನೊಂದು ಆಕ್ಷೇಪ ತಾಂತ್ರಿಕವಾದದ್ದಲ್ಲ, ಸುರಕ್ಷತೆಯದು. 2002ರಲ್ಲಿ ಎಕಾರ್ಡ್ ವಿಮ್ಮರ್ ತಂಡ ಸರಾಸರಿ 69 ಅಕ್ಷರಗಳ ತುಂಡುಗಳಿಂದ ಹೆಣೆದ ಡಿಎನ್‌ಎಯಿಂದ ಸುಮಾರು 7,500 ಅಕ್ಷರಗಳ ಪೋಲಿಯೊ ವೈರಸ್ಸನ್ನು ಎಬ್ಬಿಸಿ ತೋರಿಸಿತ್ತು. ಎಂಟು ವರ್ಷಗಳ ನಂತರ ಅಮೆರಿಕ ಸರ್ಕಾರ ತಂದ ಮಾರ್ಗಸೂಚಿ ಜೋಡಿ ಎಳೆಯ ಡಿಎನ್‌ಎ ಆರ್ಡರುಗಳನ್ನು ಮಾತ್ರ, ಅದೂ 200 ಜೋಡಿಗಳ ಅಳತೆಯಲ್ಲಿ, ಪರಿಶೀಲಿಸಲು ಹೇಳಿತು. ಅಂದರೆ ವಿಮ್ಮರ್ ಹಿಡಿದ ದಾರಿಯೇ ಅದರ ಹೊರಗಿತ್ತು. 2023ರ ಪರಿಷ್ಕರಣೆಯಲ್ಲಿ ಗಿಡ್ಡ ಎಳೆಗಳೂ, ಮೇಜಿನ ಮೇಲಿಡುವ ಯಂತ್ರಗಳ ತಯಾರಕರೂ ಸೇರಿದರು; ಅಳತೆಯನ್ನು 50 ಅಕ್ಷರಕ್ಕೆ ಇಳಿಸುವ ಗುರಿಯೂ ಬಂತು. ತಡವಾದರೂ ಸರಿಯಾದ ಹೆಜ್ಜೆ. ಆರ್ಡರ್ ಕಂಪನಿಗೆ ಹೋಗುತ್ತಿದ್ದಾಗ ನಡುವೆ ಒಂದು ಬಾಗಿಲಿತ್ತು. ಯಂತ್ರ ಪ್ರಯೋಗಾಲಯದೊಳಗೇ ಬಂದರೆ ಆ ಬಾಗಿಲು ಯಂತ್ರದ ಸಾಫ್ಟ್‌ವೇರಿನಲ್ಲೇ ಇರಬೇಕಾಗುತ್ತದೆ.

ರಾಸಾಯನಿಕದ ಬದಲು ಕಿಣ್ವದಿಂದ ಅಕ್ಷರ ಸೇರಿಸುವ ಹೊಸ ಯಂತ್ರಗಳೂ ಬಂದಿವೆ. ಅಪಾಯಕಾರಿ ದ್ರಾವಕಗಳ ಬಳಕೆ ತಗ್ಗುತ್ತದೆ ಎಂಬುದು ನಿಜವಾದ ಲಾಭ. ಅವುಗಳ ಕರಪತ್ರದಲ್ಲಿ ವೇಗದ ಅಂಕಿ ದಪ್ಪಕ್ಷರದಲ್ಲಿರುತ್ತದೆ. ಕೊಳ್ಳುವ ಸಂಸ್ಥೆ ಕೇಳಬೇಕಾದ್ದು ಬೇರೆ ಅಂಕಿ: ಸಾವಿರ ಅಕ್ಷರದ ಜೀನ್ ಮಾಡಿದರೆ ಹತ್ತು ಕಾಲನಿಗಳಲ್ಲಿ ಎಷ್ಟು ತಪ್ಪಿಲ್ಲದವು, ಅವನ್ನು ಓದಿ ಆರಿಸುವ ಖರ್ಚು ಯಾರದು?